ಶುಗರ್ ಏರೋದಕ್ಕೆ ಮುಂಚೆ ಒಳಗೆ ಏನಾಗಿರುತ್ತೆ?

ನಮ್ಮ ಮನೆಗಳಲ್ಲಿ "ಶುಗರ್ ಬಂದಿದೆ" ಅಂದ್ರೆ ಸಾಮಾನ್ಯವಾಗಿ ಟೈಪ್ 2 ಡಯಾಬಿಟಿಸ್ ಅಂತಲೇ ಅರ್ಥ. ಅಜ್ಜನಿಗೋ ದೊಡ್ಡಪ್ಪನಿಗೋ ವಯಸ್ಸಾದ ಮೇಲೆ ಬರೋದು, ಮಾತ್ರೆ, ವಾಕಿಂಗ್, ಸಕ್ಕರೆ ಇಲ್ಲದ ಕಾಫಿ. ಟೈಪ್ 1 ಬೇರೆಯದೇ ಕಾಯಿಲೆ. ಹೆಚ್ಚಾಗಿ ಮಕ್ಕಳಿಗೆ, ಹದಿಹರೆಯದವರಿಗೆ ಬರುತ್ತೆ. ನಮ್ಮ ವಯಸ್ಸಿನವರಿಗೂ, ನಮಗಿಂತ ದೊಡ್ಡವರಿಗೂ ಬರಬಹುದು. ಇದರಲ್ಲಿ ದೇಹದ ಇಮ್ಯೂನ್ ಸಿಸ್ಟಮ್ ತನ್ನದೇ ಬೀಟಾ ಕೋಶಗಳನ್ನು ಶತ್ರು ಅಂತ ತಿಳಿದು ನಾಶ ಮಾಡುತ್ತೆ. ಇನ್ಸುಲಿನ್ ತಯಾರಾಗೋದು ಆ ಕೋಶಗಳಲ್ಲೇ. ಹಾಗಾಗಿ ಹೊರಗಿನಿಂದ ಇನ್ಸುಲಿನ್ ತಗೊಳ್ಳದೆ ಬದುಕೋಕೆ ಆಗದ ಸ್ಥಿತಿ ಬರುತ್ತೆ.

ಟೈಪ್ 1 ಬಗ್ಗೆ ಎಲ್ಲರೂ ಹೇಳೋ ಮಾತು ಒಂದೇ: "ಇದ್ದಕ್ಕಿದ್ದ ಹಾಗೆ ಬಂತು." ಎರಡು ಮೂರು ವಾರ ವಿಪರೀತ ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರ, ನೋಡನೋಡುತ್ತಲೇ ತೂಕ ಇಳಿಯೋದು. ಆಸ್ಪತ್ರೆಗೆ ಹೋದರೆ ಶುಗರ್ 400, 500. "ಹೋದ ತಿಂಗಳು ಚೆನ್ನಾಗೇ ಇದ್ದನಲ್ಲ" ಅಂತಾರೆ ಮನೆಯವರು. ಹೊರಗಿನಿಂದ ನೋಡಿದರೆ ಅದು ನಿಜವೇ. ಆದರೆ ಒಳಗೆ ಈ ಕೆಲಸ ಎಷ್ಟೋ ತಿಂಗಳಿಂದ, ಬಹಳಷ್ಟು ಜನರಲ್ಲಿ ವರ್ಷಗಳಿಂದ ನಡೆದಿರುತ್ತೆ. ಹಾಗಿದ್ದರೆ ಅಷ್ಟು ದಿನ ರಕ್ತದ ಶುಗರ್ ನಾರ್ಮಲ್ ಆಗಿ ಹೇಗಿತ್ತು? ಆಮೇಲೆ ಒಮ್ಮೆಲೇ ಯಾಕೆ ಕೈ ತಪ್ಪಿತು?

ಉತ್ತರ ಎರಡು ಸಂಗತಿಗಳಲ್ಲಿದೆ. ಒಂದು, ಬೀಟಾ ಕೋಶಗಳಿಂದ ಎಷ್ಟು ಇನ್ಸುಲಿನ್ ಹೊರಗೆ ಬರುತ್ತೆ ಅನ್ನೋದು. ಇದನ್ನು ಸ್ರವಿಕೆ ಅನ್ನೋಣ. ಇನ್ನೊಂದು, ಬಂದ ಇನ್ಸುಲಿನ್‌ಗೆ ದೇಹ ಎಷ್ಟು ಸ್ಪಂದಿಸುತ್ತೆ ಅನ್ನೋದು. ಇದಕ್ಕೆ ಡಾಕ್ಟರುಗಳು ಬಳಸೋ ಸೆನ್ಸಿಟಿವಿಟಿ ಅನ್ನೋ ಪದವನ್ನೇ ಇಟ್ಟುಕೊಳ್ಳೋಣ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಓದದವರಿಗೂ ಕಷ್ಟ ಏನಿಲ್ಲ.

ಲೂಪ್ ಹೇಗೆ ಕೆಲಸ ಮಾಡುತ್ತೆ

ಹೊಟ್ಟೆಯ ಹಿಂದೆ ಇರೋ ಪ್ಯಾಂಕ್ರಿಯಾಸ್‌ನಲ್ಲಿ, ಅಂದ್ರೆ ಮೇದೋಜೀರಕ ಗ್ರಂಥಿಯಲ್ಲಿ, ಅಲ್ಲಲ್ಲಿ ಚಿಕ್ಕ ಚಿಕ್ಕ ಕೋಶಗಳ ಗುಂಪುಗಳಿವೆ. ಇವನ್ನು 1869ರಲ್ಲಿ ಮೊದಲು ವರ್ಣಿಸಿದ್ದು ಪಾಲ್ ಲ್ಯಾಂಗರ್‌ಹಾನ್ಸ್ ಅನ್ನೋ ಜರ್ಮನ್ ವೈದ್ಯಕೀಯ ವಿದ್ಯಾರ್ಥಿ. ಆಗ ಅವರಿಗೆ 21 ವರ್ಷ. ಆ ಗುಂಪುಗಳು ಏನು ಕೆಲಸ ಮಾಡುತ್ತವೆ ಅಂತ ಅವರಿಗೂ ಗೊತ್ತಿರಲಿಲ್ಲ. ಈಗ ಅವಕ್ಕೆ ಅವರದೇ ಹೆಸರಿದೆ. ಬೀಟಾ ಕೋಶಗಳು ಇರೋದು ಇಲ್ಲೇ.

ಬೀಟಾ ಕೋಶದ ವಿಶೇಷ ಏನಂದ್ರೆ ಸೆನ್ಸರ್, ಕಂಟ್ರೋಲರ್, ಆ್ಯಕ್ಚುಯೇಟರ್ ಮೂರೂ ಅದೇ. ರಕ್ತದ ಗ್ಲೂಕೋಸ್ ಕೋಶದ ಒಳಗೆ ಬಂದು ಉರಿದಾಗ ಎಟಿಪಿ ಹೆಚ್ಚಾಗುತ್ತೆ. ಆಗ ಕೋಶದ ಗೋಡೆಯಲ್ಲಿರೋ ಪೊಟ್ಯಾಸಿಯಂ ಚಾನೆಲ್‌ಗಳು ಮುಚ್ಚಿಕೊಳ್ಳುತ್ತವೆ, ವೋಲ್ಟೇಜ್ ಬದಲಾಗುತ್ತೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ. ಇನ್ಸುಲಿನ್ ತುಂಬಿಟ್ಟಿರೋ ಪುಟ್ಟ ಚೀಲಗಳು ಒಡೆದು ರಕ್ತಕ್ಕೆ ಸೇರುತ್ತವೆ.

ಇದು ಎರಡು ಹಂತದಲ್ಲಿ ನಡೆಯುತ್ತೆ. ಹಾಸ್ಟೆಲ್ ಮೆಸ್ ನೆನಪಿಸಿಕೊಳ್ಳಿ. ಬಾಗಿಲು ತೆಗೆದ ತಕ್ಷಣ ಬಡಿಸೋದು ಮೊದಲೇ ಬೇಯಿಸಿಟ್ಟ ಇಡ್ಲಿ. ಅದು ಖಾಲಿ ಆಗ್ತಾ ಇದ್ದ ಹಾಗೆ ಒಳಗಿನಿಂದ ಹೊಸ ಒಬ್ಬೆ ಬರುತ್ತೆ. ಬೀಟಾ ಕೋಶದಲ್ಲೂ ಹಾಗೇ. ಕೋಶದ ಅಂಚಿನಲ್ಲಿ ಸಿದ್ಧವಾಗಿ ನಿಂತಿರೋ ಚೀಲಗಳು ಗ್ಲೂಕೋಸ್ ಏರಿದ ಕೆಲವೇ ನಿಮಿಷಗಳಲ್ಲಿ ಖಾಲಿ ಆಗುತ್ತವೆ. ಇದು ಮೊದಲ ಹಂತ, ಸುಮಾರು 10 ನಿಮಿಷದಲ್ಲಿ ಮುಗಿಯುತ್ತೆ. ಆಮೇಲೆ ನಿಧಾನವಾಗಿ, ಗ್ಲೂಕೋಸ್ ಇಳಿಯೋವರೆಗೂ ಬರ್ತಾ ಇರೋದು ಎರಡನೇ ಹಂತ. ಮೊದಲ ಹಂತ ಚಿಕ್ಕದಾದರೂ ಮುಖ್ಯ. ಊಟ ಆದ ಕೂಡಲೇ "ಗ್ಲೂಕೋಸ್ ಹೊರಗೆ ಬಿಡೋದನ್ನ ನಿಲ್ಲಿಸು" ಅಂತ ಲಿವರ್‌ಗೆ ಹೇಳೋದು ಅದೇ.

ಇನ್ನು ಸೆನ್ಸಿಟಿವಿಟಿ. ಲಿವರ್, ಮಾಂಸಖಂಡ, ಕೊಬ್ಬಿನ ಕೋಶಗಳು ಇನ್ಸುಲಿನ್‌ನ ಮಾತು ಕೇಳಬೇಕು. ಎಲ್ಲರಲ್ಲೂ ಒಂದೇ ರೀತಿ ಕೇಳೋದಿಲ್ಲ. ಕ್ರೀಡಾಪಟುವಿನಲ್ಲಿ ಸ್ವಲ್ಪ ಇನ್ಸುಲಿನ್ ಸಾಕು. ಹೊಟ್ಟೆ ಸುತ್ತ ಬೊಜ್ಜು ಇರೋರಲ್ಲಿ ಅದೇ ಕೆಲಸಕ್ಕೆ ಜಾಸ್ತಿ ಬೇಕು.

ಗುಣಾಕಾರದ ಗುಟ್ಟು

1981ರಲ್ಲಿ ರಿಚರ್ಡ್ ಬರ್ಗ್‌ಮನ್ ಮತ್ತು ಸಂಗಡಿಗರು ಒಂದು ಸರಳ ವಿಷಯ ಮುಂದಿಟ್ಟರು. ಸ್ರವಿಕೆ ಮತ್ತು ಸೆನ್ಸಿಟಿವಿಟಿಯನ್ನು ಬೇರೆ ಬೇರೆಯಾಗಿ ನೋಡಿದರೆ ಪ್ರಯೋಜನ ಇಲ್ಲ, ಎರಡನ್ನೂ ಗುಣಿಸಬೇಕು. ಆರೋಗ್ಯವಂತರಲ್ಲಿ ಒಂದು ಇಳಿದರೆ ಇನ್ನೊಂದು ಏರಿ, ಗುಣಲಬ್ಧ ಹೆಚ್ಚು ಕಡಿಮೆ ಅಷ್ಟೇ ಇರುತ್ತೆ. ಗ್ರಾಫ್ ಹಾಕಿದರೆ ಹೈಪರ್‌ಬೋಲಾ ಸಿಗುತ್ತೆ.

ಲೆಕ್ಕಕ್ಕೆ ಸುಮ್ಮನೆ ಸಂಖ್ಯೆಗಳನ್ನು ಹಾಕಿ ನೋಡೋಣ. ಶುಗರ್ ನಾರ್ಮಲ್ ಇರೋಕೆ ಗುಣಲಬ್ಧ 100 ಬೇಕು ಅಂತಿಟ್ಟುಕೊಳ್ಳಿ. ಒಬ್ಬ ಹುಡುಗನ ಸೆನ್ಸಿಟಿವಿಟಿ 10. ಅಂದ್ರೆ ಸ್ರವಿಕೆ 10 ಸಾಕು. ಆದರೆ ಅವನ ಬೀಟಾ ಕೋಶಗಳಿಗೆ 40ರವರೆಗೆ ಕೊಡೋ ಸಾಮರ್ಥ್ಯ ಇದೆ. ಈಗ ಇಮ್ಯೂನ್ ಸಿಸ್ಟಮ್ ದಾಳಿ ಶುರು ಮಾಡಿ ಆ ಸಾಮರ್ಥ್ಯವನ್ನು 30ಕ್ಕೆ, 20ಕ್ಕೆ, 12ಕ್ಕೆ ಇಳಿಸ್ತು ಅನ್ನಿ. ಬೇಕಾಗಿರೋದು 10 ಮಾತ್ರ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಟೆಸ್ಟ್ ಮಾಡಿಸಿದರೆ ರಿಪೋರ್ಟ್ ಎಲ್ಲಾ ಸರಿ. ಆಗ ಯಾವುದೋ ಕಾರಣಕ್ಕೆ ಸೆನ್ಸಿಟಿವಿಟಿ 10ರಿಂದ 7ಕ್ಕೆ ಇಳಿಯುತ್ತೆ. ಈಗ 14ಕ್ಕಿಂತ ಜಾಸ್ತಿ ಬೇಕು, ಇರೋದು 12. ಶುಗರ್ ಏರೋಕೆ ಶುರುವಾಗುತ್ತೆ.

ಆರೋಗ್ಯವಂತನಲ್ಲೂ ಸೆನ್ಸಿಟಿವಿಟಿ 7ಕ್ಕೆ ಇಳಿಯಬಹುದು, ಅವನಿಗೆ ಗೊತ್ತೂ ಆಗಲ್ಲ, ಯಾಕಂದ್ರೆ 40ರ ತನಕ ಜಾಗ ಇದೆ. ಹಾಗಾಗಿ "ಶುಗರ್ ನಾರ್ಮಲ್" ಅಂದ್ರೆ ಲೂಪ್ ಸದ್ಯಕ್ಕೆ ನಿಭಾಯಿಸ್ತಾ ಇದೆ ಅಂತ ಅಷ್ಟೇ ಅರ್ಥ. ಕಂಟ್ರೋಲರ್ ಹತ್ತಿರ ಎಷ್ಟು ಉಳಿದಿದೆ ಅಂತ ಅದು ಹೇಳಲ್ಲ. ಹಳೇ ಫೋನಿನ ಬ್ಯಾಟರಿ 30% ತೋರಿಸ್ತಾ ಇದ್ದು, ಕ್ಯಾಮೆರಾ ಫ್ಲ್ಯಾಶ್ ಹಾಕಿದ ತಕ್ಷಣ ಆಫ್ ಆಗೋದನ್ನ ನೋಡಿರ್ತೀರಿ. ಲೋಡ್ ಕೊಡದೆ ಬ್ಯಾಟರಿಯ ಯೋಗ್ಯತೆ ಗೊತ್ತಾಗಲ್ಲ.

ದಾಳಿಯ ಗುರುತು

ಇಮ್ಯೂನ್ ಸಿಸ್ಟಮ್ ಬೀಟಾ ಕೋಶಗಳ ಮೇಲೆ ತಿರುಗಿ ಬಿದ್ದಿದೆ ಅಂತ ಗೊತ್ತಾಗೋದು ರಕ್ತದಲ್ಲಿರೋ ಆ್ಯಂಟಿಬಾಡಿಗಳಿಂದ. ಈ ತರದ ಆ್ಯಂಟಿಬಾಡಿ 1974ರಲ್ಲಿ ಮೊದಲ ಸಲ ವರದಿಯಾಯಿತು. ಈಗ ಮುಖ್ಯವಾಗಿ ನಾಲ್ಕನ್ನು ನೋಡ್ತಾರೆ: ಇನ್ಸುಲಿನ್ ವಿರುದ್ಧದ್ದು, ಮತ್ತು ಜಿಎಡಿ, ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್-8 ಅನ್ನೋ ಪ್ರೋಟೀನ್‌ಗಳ ವಿರುದ್ಧದ್ದು. ಕೋಶಗಳನ್ನು ಕೊಲ್ಲೋದು ಮುಖ್ಯವಾಗಿ ಟಿ ಕೋಶಗಳು. ಆ್ಯಂಟಿಬಾಡಿ ಇಲ್ಲಿ ಹೊಗೆ ಇದ್ದ ಹಾಗೆ, ಬೆಂಕಿ ಇರೋ ಜಾಗ ತೋರಿಸುತ್ತೆ.

2013ರಲ್ಲಿ ಅಮೆರಿಕದ ಕೊಲರಾಡೊ, ಫಿನ್‌ಲೆಂಡ್ ಮತ್ತು ಜರ್ಮನಿಯ ಮಕ್ಕಳ ದತ್ತಾಂಶ ಒಟ್ಟುಗೂಡಿಸಿದ ಅಧ್ಯಯನ ಪ್ರಕಟವಾಯಿತು. ಎರಡು ಅಥವಾ ಹೆಚ್ಚು ಆ್ಯಂಟಿಬಾಡಿ ಕಾಣಿಸಿಕೊಂಡ ಮಕ್ಕಳಲ್ಲಿ ಸುಮಾರು 70% ಮಂದಿಗೆ 10 ವರ್ಷದೊಳಗೆ ಟೈಪ್ 1 ಬಂತು. ಇದರ ಆಧಾರದ ಮೇಲೆ 2015ರಲ್ಲಿ ತಜ್ಞರು ಕಾಯಿಲೆಯನ್ನು ಮೂರು ಹಂತ ಮಾಡಿದರು. ಹಂತ 1: ಎರಡು ಅಥವಾ ಹೆಚ್ಚು ಆ್ಯಂಟಿಬಾಡಿ ಇದೆ, ಶುಗರ್ ನಾರ್ಮಲ್. ಹಂತ 2: ಆ್ಯಂಟಿಬಾಡಿ ಇದೆ, ಶುಗರ್ ಸ್ವಲ್ಪ ಹಳಿ ತಪ್ಪಿದೆ, ಆದರೆ ಲಕ್ಷಣ ಇಲ್ಲ. ಹಂತ 3: ನಾವೆಲ್ಲ ಡಯಾಬಿಟಿಸ್ ಅಂತ ಕರೆಯೋದು. ಅಂದ್ರೆ "ಇದ್ದಕ್ಕಿದ್ದ ಹಾಗೆ ಬಂತು" ಅನ್ನೋದು ನಿಜವಾಗಿ ಮೂರನೇ ಹಂತ.

ಸ್ರವಿಕೆ ಹೇಗೆ ಕುಸಿಯುತ್ತೆ

1986ರಲ್ಲಿ ಜಾರ್ಜ್ ಐಸನ್‌ಬಾರ್ತ್ ಅನ್ನೋ ಅಮೆರಿಕದ ವೈದ್ಯರು ಒಂದು ಚಿತ್ರ ಬರೆದರು. ಎಡದಿಂದ ಬಲಕ್ಕೆ ವಯಸ್ಸು, ಕೆಳಗಿನಿಂದ ಮೇಲಕ್ಕೆ ಬೀಟಾ ಕೋಶಗಳ ಪ್ರಮಾಣ, ಮಧ್ಯೆ ಇಳಿಜಾರಿನ ಗೆರೆ. ಟೈಪ್ 1 ದಿಢೀರ್ ಕಾಯಿಲೆ ಅಲ್ಲ, ನಿಧಾನವಾಗಿ ಸಾಗೋ ಆಟೋಇಮ್ಯೂನ್ ಕಾಯಿಲೆ ಅನ್ನೋ ತಿಳುವಳಿಕೆ ಗಟ್ಟಿಯಾಗಿದ್ದು ಈ ಚಿತ್ರದಿಂದ. ಆದರೆ ಆಮೇಲೆ ಜನರನ್ನು ವರ್ಷಗಟ್ಟಲೆ ಅಳೆದು ನೋಡಿದಾಗ ಗೆರೆ ಅಷ್ಟು ನೇರವಾಗಿ ಇರಲಿಲ್ಲ.

ಅಳೆಯೋದು ಹೇಗೆ? ಮೊದಲ ಹಂತ ನೋಡೋಕೆ ರಕ್ತನಾಳಕ್ಕೆ ನೇರವಾಗಿ ಗ್ಲೂಕೋಸ್ ಕೊಟ್ಟು 1ನೇ ಮತ್ತು 3ನೇ ನಿಮಿಷದಲ್ಲಿ ಇನ್ಸುಲಿನ್ ಅಳೆಯುತ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇಂಪಲ್ಸ್ ಕೊಟ್ಟು ರೆಸ್ಪಾನ್ಸ್ ನೋಡೋದು. ಇನ್ನೊಂದು ವಿಧಾನದಲ್ಲಿ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ತನಕ ಆಗಾಗ ರಕ್ತ ತೆಗೆಯುತ್ತಾರೆ. ಇದರಲ್ಲಿ ಇನ್ಸುಲಿನ್ ಬದಲು ಹೆಚ್ಚಾಗಿ ಸಿ-ಪೆಪ್ಟೈಡ್ ನೋಡ್ತಾರೆ. ಕೋಶದೊಳಗೆ ಇನ್ಸುಲಿನ್ ತಯಾರಾಗುವಾಗ ಕತ್ತರಿಸಿ ಬೀಳೋ ತುಂಡು ಅದು, ಒಂದು ಇನ್ಸುಲಿನ್‌ಗೆ ಒಂದು ಸಿ-ಪೆಪ್ಟೈಡ್. ಇನ್ಸುಲಿನ್‌ನಲ್ಲಿ ಸುಮಾರು ಅರ್ಧವನ್ನು ಲಿವರ್ ಮೊದಲ ಸುತ್ತಿನಲ್ಲೇ ಹಿಡಿದಿಟ್ಟುಕೊಳ್ಳುತ್ತೆ. ಸಿ-ಪೆಪ್ಟೈಡನ್ನು ಹಾಗೆ ಹಿಡಿಯಲ್ಲ. ಹಾಗಾಗಿ ಲೆಕ್ಕಕ್ಕೆ ಅದೇ ನಂಬಿಕಸ್ಥ.

ಫಿನ್‌ಲೆಂಡ್‌ನಲ್ಲಿ 1994ರಿಂದ ನವಜಾತ ಶಿಶುಗಳ ಜೀನ್ ಪರೀಕ್ಷೆ ಮಾಡಿ, ಅಪಾಯ ಇರೋ ಮಕ್ಕಳನ್ನು ವರ್ಷಗಟ್ಟಲೆ ಗಮನಿಸ್ತಾ ಬಂದಿದ್ದಾರೆ. ಮುಂದೆ ಟೈಪ್ 1 ಬಂದ ಮಕ್ಕಳಲ್ಲಿ ಮೊದಲ ಹಂತದ ಸ್ರವಿಕೆ ಕಾಯಿಲೆ ಪತ್ತೆಯಾಗೋದಕ್ಕೆ ನಾಲ್ಕರಿಂದ ಆರು ವರ್ಷ ಮೊದಲೇ ಉಳಿದವರಿಗಿಂತ ಕಡಿಮೆ ಇತ್ತು. ಅಷ್ಟು ಬೇಗ! ಆಗ ಅವರ ಖಾಲಿ ಹೊಟ್ಟೆಯ ಶುಗರ್‌ನಲ್ಲಿ ಯಾರೂ ತಪ್ಪು ಹುಡುಕೋಕೆ ಆಗ್ತಿರಲಿಲ್ಲ.

ಇನ್ನೊಂದು ದೊಡ್ಡ ಮಾಹಿತಿ ಬಂದಿದ್ದು ಒಂದು ಸೋತ ಪ್ರಯೋಗದಿಂದ. 1990ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಇರೋರ ಸಂಬಂಧಿಕರಲ್ಲಿ ಸುಮಾರು 84,000 ಜನರ ರಕ್ತ ಪರೀಕ್ಷಿಸಿ, ಅಪಾಯ ಹೆಚ್ಚಿದ್ದವರಿಗೆ ಮೊದಲೇ ಸ್ವಲ್ಪ ಸ್ವಲ್ಪ ಇನ್ಸುಲಿನ್ ಕೊಟ್ಟರೆ ಕಾಯಿಲೆ ತಡೆಯಬಹುದಾ ಅಂತ ನೋಡಿದರು. 2002ರಲ್ಲಿ ಬಂದ ಫಲಿತಾಂಶ: ಆಗಲಿಲ್ಲ. ಆದರೆ ಅದರಲ್ಲಿ ಭಾಗವಹಿಸಿದವರಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿದ್ದ ದಾಖಲೆ ಉಳಿಯಿತು. ಕುಸಿತದ ನಿಜವಾದ ಆಕಾರ ಕಂಡಿದ್ದು ಅದರಲ್ಲಿ.

ಮೊದಲು ಬದಲಾಗೋದು ಟೈಮಿಂಗ್. ಗ್ಲೂಕೋಸ್ ಕುಡಿದ ಮೊದಲ ಅರ್ಧ ಗಂಟೆಯ ಸಿ-ಪೆಪ್ಟೈಡ್ ತಗ್ಗುತ್ತೆ, ಶಿಖರ ಮುಂದಕ್ಕೆ ಹೋಗುತ್ತೆ. ಆರಂಭದಲ್ಲಿ ತಡವಾಗಿ ಬರೋ ಇನ್ಸುಲಿನ್ ಇದನ್ನು ಒಂದಿಷ್ಟು ಸರಿದೂಗಿಸುತ್ತೆ. ಮೆಸ್‌ನಲ್ಲಿ ಬೇಯಿಸಿಟ್ಟ ಇಡ್ಲಿ ಇಲ್ಲ, ಹೊಸ ಒಬ್ಬೆಗೆ ಎಲ್ಲರೂ ಕಾಯ್ತಾ ಇದ್ದಾರೆ ಅನ್ನೋ ಸ್ಥಿತಿ. ಅಷ್ಟರಲ್ಲಿ ಕ್ಯೂ ಬೆಳೆದಿರುತ್ತೆ, ಅಂದ್ರೆ ಊಟದ ನಂತರದ ಗ್ಲೂಕೋಸ್ ಏರಿರುತ್ತೆ. ಹೀಗೆ ಎರಡು ವರ್ಷ ಅಥವಾ ಇನ್ನೂ ಮೊದಲಿಂದ ಗ್ಲೂಕೋಸ್ ಸ್ವಲ್ಪ ಸ್ವಲ್ಪವಾಗಿ ಏರ್ತಾ ಬರುತ್ತೆ. ಕೊನೆಯ ಆರು ತಿಂಗಳಲ್ಲಿ ಮಾತ್ರ ಸ್ರವಿಕೆ ಚೆನ್ನಾಗಿ ಕುಸಿದು, ಗ್ಲೂಕೋಸ್ ಕಡಿದಾಗಿ ಏರುತ್ತೆ. ಅಂದ್ರೆ ಗೆರೆ ನಿಧಾನವಾದ ಇಳಿಜಾರು, ಕೊನೆಗೆ ಪ್ರಪಾತ. ಇಷ್ಟಾದರೂ ಆ ಪ್ರಯೋಗದಲ್ಲಿ ಡಯಾಬಿಟಿಸ್ ಪತ್ತೆಯಾದ ಹೆಚ್ಚಿನವರಿಗೆ ಆಗ ಯಾವ ಲಕ್ಷಣವೂ ಇರಲಿಲ್ಲ. ನಿಯಮಿತವಾಗಿ ಟೆಸ್ಟ್ ಮಾಡ್ತಿದ್ದರಿಂದ ಸಿಕ್ಕಿಬಿತ್ತು ಅಷ್ಟೇ.

ಪ್ರಪಾತ ಯಾಕೆ? ಇಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಹೋಗಿ ಪಾಸಿಟಿವ್ ಫೀಡ್‌ಬ್ಯಾಕ್ ಶುರುವಾಗುತ್ತೆ. ಗ್ಲೂಕೋಸ್ ಸದಾ ಹೆಚ್ಚಾಗಿದ್ದರೆ ಉಳಿದ ಬೀಟಾ ಕೋಶಗಳೂ ದಣಿದು ಸರಿಯಾಗಿ ಕೆಲಸ ಮಾಡಲ್ಲ. ಅದೇ ಹೆಚ್ಚಿನ ಗ್ಲೂಕೋಸ್ ಸೆನ್ಸಿಟಿವಿಟಿಯನ್ನೂ ಇಳಿಸುತ್ತೆ. ಗುಣಲಬ್ಧದ ಎರಡೂ ಸಂಖ್ಯೆ ಒಟ್ಟಿಗೆ ಇಳಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸೆನ್ಸಿಟಿವಿಟಿಯ ಪಾತ್ರ ಎಷ್ಟು?

ಒಂದು ವಿಷಯ ಸ್ಪಷ್ಟ ಇರಲಿ: ಟೈಪ್ 1ರ ಮೂಲ ಕಾರಣ ಇಮ್ಯೂನ್ ದಾಳಿ. ಸೆನ್ಸಿಟಿವಿಟಿ ಕಡಿಮೆ ಇದ್ದ ಮಾತ್ರಕ್ಕೆ ಟೈಪ್ 1 ಬರಲ್ಲ. ಆದರೆ ಯಾವಾಗ ಹೊರಗೆ ಕಾಣಿಸಿಕೊಳ್ಳುತ್ತೆ ಅನ್ನೋದರಲ್ಲಿ ಅದರ ಪಾತ್ರ ಇದೆ.

ಪ್ರೌಢಾವಸ್ಥೆಯಲ್ಲಿ ಗ್ರೋತ್ ಹಾರ್ಮೋನ್ ಹೆಚ್ಚಾಗಿ, ಎಲ್ಲ ಆರೋಗ್ಯವಂತ ಮಕ್ಕಳಲ್ಲೂ ಸೆನ್ಸಿಟಿವಿಟಿ ಸುಮಾರು 30% ಇಳಿಯುತ್ತೆ. ಬೀಟಾ ಕೋಶಗಳು ಸರಿ ಇದ್ದರೆ ಜಾಸ್ತಿ ಇನ್ಸುಲಿನ್ ಕೊಟ್ಟು ನಿಭಾಯಿಸುತ್ತವೆ. 10ರಿಂದ 14ರ ವಯಸ್ಸಿನಲ್ಲೇ ಟೈಪ್ 1 ಅತಿ ಹೆಚ್ಚು ಪತ್ತೆಯಾಗೋದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ತಜ್ಞರು ಹೇಳ್ತಾರೆ. ಜ್ವರ, ಸೋಂಕು, ಸ್ಟೀರಾಯ್ಡ್ ಔಷಧಿಗಳೂ ಸೆನ್ಸಿಟಿವಿಟಿಯನ್ನು ತಾತ್ಕಾಲಿಕವಾಗಿ ತಗ್ಗಿಸುತ್ತವೆ. "ಜ್ವರ ಬಂದು ಹೋದ ಮೇಲೆ ಮಗುವಿಗೆ ಶುಗರ್ ಬಂತು" ಅಂತ ಎಷ್ಟೋ ಮನೆಯವರು ಹೇಳೋದು ಸುಳ್ಳಲ್ಲ. ಆದರೆ ಆ ಜ್ವರ ಒಂದೇ ವಾರದಲ್ಲಿ ಬೀಟಾ ಕೋಶಗಳನ್ನು ಮುಗಿಸಿದ್ದಲ್ಲ. ತಳ ಕಾಣ್ತಿದ್ದ ಡ್ರಮ್‌ನಿಂದ ಇನ್ನೆರಡು ಬಿಂದಿಗೆ ನೀರು ಕೇಳಿದ ಹಾಗೆ ಆಯ್ತು.

2001ರಲ್ಲಿ ಬ್ರಿಟನ್ನಿನ ಟೆರೆನ್ಸ್ ವಿಲ್ಕಿನ್ ಇನ್ನೂ ಮುಂದೆ ಹೋಗಿ, ತೂಕ ಹೆಚ್ಚಾಗಿ ಸೆನ್ಸಿಟಿವಿಟಿ ಇಳಿಯೋದೇ ಟೈಪ್ 1ನ್ನೂ ವೇಗವಾಗಿ ತರುತ್ತೆ ಅಂತ ವಾದಿಸಿದರು. 2004ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಆ್ಯಂಟಿಬಾಡಿ ಇದ್ದವರನ್ನು ನೋಡಿದಾಗ, ಇರೋ ಸ್ರವಿಕೆಗೆ ಹೋಲಿಸಿದರೆ ಯಾರಿಗೆ ಸೆನ್ಸಿಟಿವಿಟಿ ಕಡಿಮೆ ಇತ್ತೋ ಅವರಿಗೆ ಕಾಯಿಲೆ ಬೇಗ ಬಂದಿತ್ತು. ಆದರೆ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಲ್ಲ, ಚರ್ಚೆ ನಡೀತಾ ಇದೆ. ಸ್ರವಿಕೆಯ ಕುಸಿತವೇ ಮುಖ್ಯ ಅನ್ನೋದರಲ್ಲಿ ಮಾತ್ರ ಭಿನ್ನಾಭಿಪ್ರಾಯ ಇಲ್ಲ. ಸಿಹಿ ಜಾಸ್ತಿ ತಿನ್ನಿಸಿದ್ದಕ್ಕೆ ಮಗುವಿಗೆ ಟೈಪ್ 1 ಬಂತು ಅಂತ ಅಮ್ಮನನ್ನು ಬೈಯೋದಕ್ಕೆ ಈ ಯಾವ ಅಧ್ಯಯನದಲ್ಲೂ ಆಧಾರ ಇಲ್ಲ.

"ವಾಸಿಯಾಯ್ತು" ಅನ್ನೋ ಅಪಾಯ

ಈ ಗುಣಾಕಾರ ಗೊತ್ತಿದ್ದರೆ ಇನ್ನೊಂದು ವಿಚಿತ್ರವೂ ಅರ್ಥ ಆಗುತ್ತೆ. ಕಾಯಿಲೆ ಪತ್ತೆಯಾಗಿ ಇನ್ಸುಲಿನ್ ಶುರು ಮಾಡಿದ ಕೆಲವು ವಾರಗಳಲ್ಲಿ ಬಹಳ ಜನರಿಗೆ ಇನ್ಸುಲಿನ್ ಬೇಕಾಗೋ ಪ್ರಮಾಣ ತುಂಬ ಇಳಿಯುತ್ತೆ. ಇದಕ್ಕೆ ಹನಿಮೂನ್ ಫೇಸ್ ಅಂತಾರೆ. ಶುಗರ್ ಇಳಿದಿದ್ದರಿಂದ ಸೆನ್ಸಿಟಿವಿಟಿ ವಾಪಸ್ ಬರುತ್ತೆ. ದಣಿದಿದ್ದ, ಆದರೆ ಸತ್ತಿರದ ಬೀಟಾ ಕೋಶಗಳು ಚೇತರಿಸಿಕೊಳ್ಳುತ್ತವೆ. ಎರಡೂ ಸಂಖ್ಯೆ ಸ್ವಲ್ಪ ಮೇಲೇರಿ, ಗುಣಲಬ್ಧ ಮತ್ತೆ ಸರಿಹೋದಂತೆ ಕಾಣುತ್ತೆ. ದಾಳಿ ಮಾತ್ರ ನಿಂತಿರಲ್ಲ. ತಿಂಗಳುಗಳಲ್ಲಿ, ಕೆಲವರಿಗೆ ಇನ್ನೂ ಸ್ವಲ್ಪ ತಡವಾಗಿ, ಇದು ಮುಗಿಯುತ್ತೆ.

ಇದೇ ಸಮಯದಲ್ಲಿ ಯಾರಾದರೂ ಕಷಾಯವನ್ನೋ ಪುಡಿಯನ್ನೋ ಕೊಟ್ಟಿದ್ದರೆ "ಅದರಿಂದಲೇ ವಾಸಿಯಾಯ್ತು, ಇನ್ನು ಇಂಜೆಕ್ಷನ್ ಬೇಡ" ಅನ್ನಿಸೋದು ಸಹಜ. ಅಲ್ಲಿಗೆ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಇನ್ಸುಲಿನ್ ಪೂರ್ತಿ ಕೊರತೆಯಾದಾಗ ದೇಹ ಕೊಬ್ಬನ್ನು ಉರಿಸಿ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ತುಂಬಿಕೊಳ್ಳುತ್ತವೆ. ಇದಕ್ಕೆ ಕೀಟೋಅಸಿಡೋಸಿಸ್ ಅಂತ ಹೆಸರು. ಚಿಕಿತ್ಸೆ ತಡವಾದರೆ ಸಾವು.

ಮೊದಲೇ ಗೊತ್ತಾದರೆ ಏನು ಲಾಭ?

ಬಹಳ ವರ್ಷ ಇದಕ್ಕೆ ಸರಿಯಾದ ಉತ್ತರ ಇರಲಿಲ್ಲ. ಈಗ ಎರಡು ಉತ್ತರ ಇವೆ. 2019ರಲ್ಲಿ ಟೆಪ್ಲಿಜುಮ್ಯಾಬ್ ಅನ್ನೋ ಔಷಧಿಯ ಪ್ರಯೋಗದ ಫಲಿತಾಂಶ ಬಂತು. ಎರಡನೇ ಹಂತದಲ್ಲಿದ್ದ 76 ಜನರಲ್ಲಿ ಕೆಲವರಿಗೆ 14 ದಿನದ ಒಂದೇ ಕೋರ್ಸ್ ಔಷಧಿ, ಉಳಿದವರಿಗೆ ಔಷಧಿ ಇಲ್ಲದ ಡ್ರಿಪ್. ಔಷಧಿ ಇಲ್ಲದ ಗುಂಪಿನಲ್ಲಿ ಡಯಾಬಿಟಿಸ್ ಬರೋಕೆ ಹಿಡಿದ ಮಧ್ಯಂಕ ಅವಧಿ ಸುಮಾರು 24 ತಿಂಗಳು, ಔಷಧಿ ತಗೊಂಡವರಲ್ಲಿ ಸುಮಾರು 48. ಟಿ ಕೋಶಗಳನ್ನು ಸ್ವಲ್ಪ ಸುಮ್ಮನಿರಿಸೋದು ಇದರ ಕೆಲಸ. 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ವಾಸಿ ಆಗಲ್ಲ, ಮುಂದೂಡುತ್ತೆ ಅಷ್ಟೇ. ಆದರೆ 8 ವರ್ಷದ ಮಗು 10 ವರ್ಷದ ತನಕ ಇಂಜೆಕ್ಷನ್ ಇಲ್ಲದೆ ಇರೋದು ಸಣ್ಣ ವಿಷಯವಲ್ಲ.

ಎರಡನೆಯದು, ಮೊದಲೇ ಗೊತ್ತಿದ್ದರೆ ಮಗು ಕೀಟೋಅಸಿಡೋಸಿಸ್‌ನಲ್ಲಿ ಐಸಿಯುಗೆ ಸೇರೋದು ತಪ್ಪುತ್ತೆ. ಜರ್ಮನಿಯ ಬವೇರಿಯಾದಲ್ಲಿ 2015ರಿಂದ ಪುಟ್ಟ ಮಕ್ಕಳ ಆ್ಯಂಟಿಬಾಡಿ ಪರೀಕ್ಷೆ ನಡೀತಿದೆ. ಅಲ್ಲಿ ಹೀಗೆ ಪತ್ತೆಯಾದ ಮಕ್ಕಳಲ್ಲಿ ಕೀಟೋಅಸಿಡೋಸಿಸ್ ತುಂಬ ಕಡಿಮೆ. ಇಟಲಿ 2023ರಲ್ಲಿ ಇಂಥ ತಪಾಸಣೆಗೆ ಕಾನೂನೇ ಮಾಡಿತು. ಟೈಪ್ 1 ಬರೋರಲ್ಲಿ 85%ಕ್ಕೂ ಹೆಚ್ಚು ಜನರ ಮನೆಯಲ್ಲಿ ಬೇರೆ ಯಾರಿಗೂ ಅದು ಇರಲ್ಲ. ಹಾಗಾಗಿ ಸಂಬಂಧಿಕರನ್ನಷ್ಟೇ ಪರೀಕ್ಷಿಸಿದರೆ ಸಾಲದು.

ಇದರಲ್ಲಿ ಎಂಜಿನಿಯರ್‌ಗಳ ಪಾಲೂ ಇದೆ. ಬರ್ಗ್‌ಮನ್ ಜೊತೆ ಇಟಲಿಯ ಕ್ಲಾಡಿಯೊ ಕೊಬೆಲ್ಲಿ ಮುಂತಾದವರು ಸೇರಿ 1979ರಲ್ಲಿ ಗ್ಲೂಕೋಸ್ ಮತ್ತು ಇನ್ಸುಲಿನ್ ಸಂಬಂಧವನ್ನು ಬರೀ ಎರಡು ಡಿಫರೆನ್ಷಿಯಲ್ ಈಕ್ವೇಶನ್‌ಗಳಲ್ಲಿ ಹಿಡಿದರು. ಮಿನಿಮಲ್ ಮಾಡೆಲ್ ಅಂತ ಅದರ ಹೆಸರು. ಮುಂದೆ ಪಡುವಾ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯಗಳು ಮಾಡಿದ ಸಿಮ್ಯುಲೇಟರನ್ನು 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಪ್ರಾಣಿ ಪ್ರಯೋಗದ ಬದಲಿಗೆ ಒಪ್ಪಿಕೊಂಡರು. ಇನ್ಸುಲಿನ್ ಪಂಪ್ ತಾನೇ ಡೋಸ್ ನಿರ್ಧರಿಸೋ ಮಟ್ಟಕ್ಕೆ ಬಂದಿದ್ದು ಇಂಥ ಕೆಲಸಗಳಿಂದ. ಮ್ಯಾಥ್ಸ್ ಕ್ಲಾಸಿನಲ್ಲಿ "ಇದೆಲ್ಲ ಎಲ್ಲಿ ಉಪಯೋಗ" ಅಂತ ಕೇಳೋರಿಗೆ ಇದು ಒಂದು ಜಾಗ.

ನಮ್ಮಲ್ಲಿ ಎಲ್ಲ ಮಕ್ಕಳಿಗೂ ಆ್ಯಂಟಿಬಾಡಿ ಪರೀಕ್ಷೆ ಮಾಡೋ ವ್ಯವಸ್ಥೆ ಇಲ್ಲ. ಹಾಗಾಗಿ ಸದ್ಯಕ್ಕೆ ನಮ್ಮ ಕೈಯಲ್ಲಿರೋದು ಆ ಪ್ರಪಾತದ ಅಂಚನ್ನು ಗುರುತಿಸೋದು. ರೂಮ್‌ಮೇಟ್ ಆಗಲಿ, ಊರಲ್ಲಿರೋ ತಮ್ಮ ತಂಗಿ ಆಗಲಿ, ಕೆಲವು ವಾರಗಳಿಂದ ಸಿಕ್ಕಾಪಟ್ಟೆ ನೀರು ಕುಡೀತಿದ್ದರೆ, ರಾತ್ರಿ ಮೂರು ನಾಲ್ಕು ಸಲ ಎದ್ದು ಟಾಯ್ಲೆಟ್‌ಗೆ ಹೋಗ್ತಿದ್ದರೆ, ಚೆನ್ನಾಗಿ ತಿಂದರೂ ಸಣ್ಣ ಆಗ್ತಿದ್ದರೆ "ಎಕ್ಸಾಮ್ ಟೆನ್ಷನ್" ಅಂತ ಬಿಡಬೇಡಿ. ಅವರು ಸಣ್ಣಗಿದ್ದಾರೆ, ವಯಸ್ಸು ಚಿಕ್ಕದು, ಮನೆಯಲ್ಲಿ ಯಾರಿಗೂ ಇಲ್ಲ ಅನ್ನೋದು ಟೈಪ್ 1 ಅಲ್ಲ ಅನ್ನೋಕೆ ಕಾರಣ ಆಗಲ್ಲ. ಗ್ಲುಕೋಮೀಟರ್‌ನಲ್ಲಿ ಒಂದು ಹನಿ ರಕ್ತ ಸಾಕು, ಒಂದು ನಿಮಿಷದೊಳಗೆ ಗೊತ್ತಾಗುತ್ತೆ. ಈ ಲಕ್ಷಣಗಳ ಜೊತೆ 200 ದಾಟಿದ್ದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಬೇಕು. ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಅದನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗಿ ಮಲಗಬಾರದು. ರಾತ್ರಿ ಎಷ್ಟೊತ್ತೇ ಆಗಿರಲಿ, ವಾರ್ಡನ್‌ನ ಎಬ್ಬಿಸಿ, ಗಾಡಿ ಮಾಡಿಕೊಂಡು, ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ.